ಖರ್ಚಿಲ್ಲದ ಟೂರು: ಬಿಜಾಪುರದ ಬುರುಜು, ಬಾವಡಿ, ಬುತ್ತಿ

ನಾನು ಆರನೆಯ ಇಯತ್ತೆಯಲ್ಲಿದ್ದಾಗ ನಮ್ಮ ಶಾಲೆಯಿಂದ ಮೈಸೂರು ಟೂರು ಹೊರಟಿತ್ತು. ಹಣ ಕಟ್ಟದವರ ಹೆಸರುಗಳನ್ನು ತರಗತಿಯಲ್ಲಿ ಎಲ್ಲರ ಮುಂದೆ ಓದಿದರು. ಆ ಪಟ್ಟಿಯಲ್ಲಿ ನನ್ನ ಹೆಸರು ಮೂರನೆಯದು. ಅಬ್ಬಾರ ಸೈಕಲ್ ರಿಪೇರಿ ಅಂಗಡಿಯ ಗಳಿಕೆ ಮನೆಯ ಜೋಳಕ್ಕೂ ನಮ್ಮ ಪಾಟಿಪುಸ್ತಕಕ್ಕೂ ಸರಿಹೋಗುತ್ತಿತ್ತು, ಮೈಸೂರಿಗೆ ಉಳಿಯುತ್ತಿರಲಿಲ್ಲ. ಮನೆಗೆ ಬಂದು ಮೂಲೆ ಹಿಡಿದು ಕುಳಿತ ನನ್ನನ್ನು ದಾದಿ ನೋಡಿದರು. ಏನೂ ಕೇಳಲಿಲ್ಲ. ಮರುದಿನ ನಸುಕಿಗೆ ಎದ್ದು ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಹೊತ್ತು ಏರುವ ಮೊದಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ನಾಲ್ಕು ಉಳ್ಳಾಗಡ್ಡಿ, ಒಂದು ಡಬ್ಬಿ ಮೊಸರು ಬಟ್ಟೆಯಲ್ಲಿ ಗಂಟಾಗಿದ್ದವು. "ಚಲ್ ಬೇಟಿ, ಅಪನ್ ಭೀ ಟೂರ್ ಕು ಜಾಯಿಂಗೆ" ಎಂದರು. ಮೈಸೂರಿನ ಜನ ದುಡ್ಡು ಕೊಟ್ಟು ಬಸ್ಸು ಮಾಡಿಕೊಂಡು ನಮ್ಮೂರಿಗೆ ಬರುತ್ತಾರೆ, ನಾವು ನಡೆದುಕೊಂಡು ಹೋಗುತ್ತೇವೆ, ಯಾರು ಶ್ರೀಮಂತರು ಹೇಳು ಎಂಬುದು ಅವರ ಲೆಕ್ಕ. ಆ ದಿನ ನನಗೆ ಈ ಲೆಕ್ಕ ಒಪ್ಪಿಗೆಯಾಗಲಿಲ್ಲ. ಈಗ ನಲವತ್ತು ದಾಟಿದ ಮೇಲೆ, ನನ್ನ ಮಗಳನ್ನು ಕಟ್ಟಿಕೊಂಡು ಅವೇ ಬುರುಜು ಬಾವಡಿಗಳನ್ನು ಸುತ್ತುವಾಗ, ದಾದಿಯ ಮಾತಿನಲ್ಲಿ ಒಂದು ಊರಿನ ಚರಿತ್ರೆಯೇ ಇತ್ತೆಂದು ತೋರುತ್ತದೆ.

ಸರಕಾರಿ ಕಾಗದದಲ್ಲಿ ಈ ಊರು 2014ರ ನವೆಂಬರ್ 1ರಿಂದ ವಿಜಯಪುರ. ನಮ್ಮ ಬಾಯಿಗೆ ಇನ್ನೂ ಬಿಜಾಪುರವೇ ಬರುತ್ತದೆ, ಅದನ್ನೇ ಇಲ್ಲಿಯೂ ಬಳಸುತ್ತೇನೆ. 2011ರ ಜನಗಣತಿಯ ಹೊತ್ತಿಗೆ ಮೂರು ಲಕ್ಷದ ಚಿಲ್ಲರೆ ಜನರಿದ್ದ ಊರು ಇದು. ಇಷ್ಟು ಜನರಲ್ಲಿ ರಜೆಯ ದಿನ ಮಕ್ಕಳನ್ನು ದುಡ್ಡು ಕೊಟ್ಟು ಆಡಿಸಬಲ್ಲವರು ಎಷ್ಟು ಮನೆಯವರು? ಉಳಿದವರು ಎಲ್ಲಿಗೆ ಹೋಗುತ್ತಾರೆ? ಆದಿಲ್‌ಶಾಹಿಗಳ ಬಗ್ಗೆ ಬಂದ ಪುಸ್ತಕಗಳು ಯುದ್ಧ, ಸಂಧಿ, ಕಮಾನಿನ ಅಳತೆ ಎಲ್ಲವನ್ನೂ ಹೇಳುತ್ತವೆ, ಈ ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ. ಒಬ್ಬ ಹೆಂಗಸು ಮೂರು ಮಕ್ಕಳನ್ನೂ ಒಂದು ಬುತ್ತಿಗಂಟನ್ನೂ ಹಿಡಿದುಕೊಂಡು ಎಲ್ಲಿ ಕೂರಬಹುದು, ಎಲ್ಲಿ ಅವಳನ್ನು ಯಾರೂ ಎಬ್ಬಿಸುವುದಿಲ್ಲ ಎಂಬುದೂ ಚರಿತ್ರೆಯ ಪ್ರಶ್ನೆಯೇ ಎಂದು ನನ್ನ ನಂಬಿಕೆ.

ದಾದಿ ನಮ್ಮನ್ನು ಮೊದಲು ಕರೆದೊಯ್ದದ್ದು ಉಪ್ಪಲಿ ಬುರುಜಿಗೆ. ಹೈದರ್ ಖಾನ್ ಎಂಬ ಸರದಾರ 1584ರ ಸುಮಾರಿಗೆ ಕಟ್ಟಿಸಿದ್ದು, ಎತ್ತರ ಸುಮಾರು 80 ಅಡಿ. ಇದರ ಮೆಟ್ಟಿಲುಗಳು ಒಳಗಿಲ್ಲ, ಬುರುಜಿನ ಹೊರಮೈಯನ್ನು ಬಳ್ಳಿಯಂತೆ ಸುತ್ತಿಕೊಂಡು ಏರುತ್ತವೆ. ಆದ್ದರಿಂದ ಹತ್ತುತ್ತಿರುವವರು ಕೆಳಗಿನವರಿಗೆ ಕಾಣುತ್ತಲೇ ಇರುತ್ತಾರೆ, ಒಂದು ತಿರುವಿನಲ್ಲಿ ಮರೆಯಾಗಿ ಮತ್ತೊಂದು ತಿರುವಿನಲ್ಲಿ ಮೂಡುತ್ತಾರೆ. ಮೊಣಕಾಲು ನೋವಿನ ದಾದಿ ಕೆಳಗೇ ಕುಳಿತು ನಮ್ಮ ತಲೆಗಳನ್ನು ಎಣಿಸುತ್ತಿದ್ದರು. ಮೇಲೆ ಎರಡು ಉದ್ದನೆಯ ತೋಪುಗಳಿವೆ. ದೊಡ್ಡದು ಸುಮಾರು 30 ಅಡಿ, ಹೆಸರು ಲಂಬಛರಿ. ಅದರ ಬೆನ್ನ ಮೇಲೆ ಕುದುರೆ ಸವಾರಿ ಮಾಡದ ಹುಡುಗ ಬಿಜಾಪುರದಲ್ಲಿ ಇರಲಿಕ್ಕಿಲ್ಲ. ಅಲ್ಲಿಂದ ಊರು ಪೂರ್ತಿ ಕಾಣುತ್ತದೆ: ಪೂರ್ವಕ್ಕೆ ಗೋಳಗುಮ್ಮಟ, ಪಶ್ಚಿಮಕ್ಕೆ ಇಬ್ರಾಹಿಂ ರೋಜಾದ ಮಿನಾರುಗಳು, ನಡುವೆ ಮನೆಗಳ ಮಾಳಿಗೆಗಳು, ಅವುಗಳ ಮೇಲೆ ಒಣಗಲು ಹಾಕಿದ ಮೆಣಸಿನಕಾಯಿ. ಗಾಳಿ ಇದೆ. ಬೇಸಿಗೆಯಲ್ಲಿ ಬಿಜಾಪುರದವರಿಗೆ ಗಾಳಿಯೆಂದರೆ ಏನೆಂದು ಬಿಜಾಪುರದವರಿಗಷ್ಟೇ ಗೊತ್ತು.

ಅಲ್ಲಿಂದ ಸ್ವಲ್ಪ ನಡೆದರೆ ಶೆರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್. 1549ರಲ್ಲಿ ಅಹಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎಂಬಾತ ಎರಕ ಹೊಯ್ದ ಈ ತೋಪು ಹದಿನಾಲ್ಕು ಅಡಿಗೂ ಹೆಚ್ಚು ಉದ್ದ, ಸುಮಾರು 55 ಟನ್ ತೂಕ. ಹದಿನೇಳನೆಯ ಶತಮಾನದಲ್ಲಿ ಯುದ್ಧದ ಗೆಲುವಿನ ಗುರುತಾಗಿ ಪರಾಂಡಾ ಕೋಟೆಯಿಂದ ಇಲ್ಲಿಗೆ ಬಂತು. ಎಳೆದದ್ದು 400 ಎತ್ತು, 10 ಆನೆ ಎಂದು ಹೇಳುತ್ತಾರೆ. ಬಾಯಿ ಸಿಂಹದ್ದು, ಹಲ್ಲುಗಳ ನಡುವೆ ಒಂದು ಆನೆ ಸಿಕ್ಕಿಕೊಂಡಿದೆ. ಮಧ್ಯಾಹ್ನದ ಉರಿಬಿಸಿಲಲ್ಲಿ ಕೈಯಿಟ್ಟರೂ ಮೈ ತಂಪಾಗಿಯೇ ಇರುತ್ತದೆ ಎನ್ನುತ್ತಾರೆ, ಬೆರಳ ಗೆಣ್ಣಿನಿಂದ ತಟ್ಟಿದರೆ ಗಂಟೆಯಂತೆ ಸದ್ದು. ಗಂಟೆ ಮಾಡುವ ಲೋಹದ ಬೆರಕೆಯಿಂದಲೇ ಎರಕ ಹೊಯ್ದದ್ದಾದ್ದರಿಂದ ಇದರಲ್ಲಿ ಪವಾಡವೇನೂ ಇಲ್ಲ. ಆದರೆ ಆರು ವರ್ಷದ ಮಗುವಿಗೆ ಪವಾಡವೇ.

ಈ ತೋಪಿನ ಬಗ್ಗೆ ನನಗೆ ಬಹಳ ಹಿಡಿಸಿದ ಸಂಗತಿ ಬೇರೆ. 1848ರಲ್ಲಿ ಸಾತಾರಾ ಸಂಸ್ಥಾನ ಕಂಪನಿ ಸರಕಾರದ ವಶವಾದಾಗ ಅದರೊಂದಿಗೆ ಬಿಜಾಪುರವೂ ಹೋಯಿತು. 1854ರಲ್ಲಿ ಇಲ್ಲಿದ್ದ ಉಪಯೋಗವಿಲ್ಲದ ಹಳೆಯ ಸಾಮಾನುಗಳನ್ನು ಮಾರಿಬಿಡಿ ಎಂದು ಹುಕುಂ ಬಂತು. ಮಲಿಕ್-ಎ-ಮೈದಾನವೂ ಹರಾಜಿಗೆ ನಿಂತಿತು. ಬಂದ ಬೋಲಿ 150 ರೂಪಾಯಿ! ರಣರಂಗದ ಒಡೆಯನಿಗೆ ಮೋಡಕಾ ಬೆಲೆ. ಪುಣ್ಯಕ್ಕೆ, ಊರಿನವರಿಗೆ ಅದರ ಮೇಲಿರುವ ಅಭಿಮಾನ ಅಧಿಕಾರಿಗಳ ಕಿವಿಗೆ ಬಿದ್ದು ಹರಾಜು ರದ್ದಾಯಿತು. ಇಂದು ಅದನ್ನು ಮುಟ್ಟಿ ನೋಡಲು ಮಕ್ಕಳಿಗೆ ಕಾಸು ಬೇಕಿಲ್ಲ ಎಂದರೆ, ಅಂದು ಆ ಜನ ತೋರಿದ ಪ್ರೀತಿಯೂ ಅದಕ್ಕೊಂದು ಕಾರಣ.

ಕಟ್ಟಡಗಳು ಯಾರಿಗಾಗಿ ಎಂಬ ಪ್ರಶ್ನೆ ಬಿಜಾಪುರದಲ್ಲಿ ಪದೇ ಪದೇ ಎದ್ದಿದೆ. 1686ರಲ್ಲಿ ಔರಂಗಜೇಬನ ಸೈನ್ಯಕ್ಕೆ ಊರು ಸೋತಿತು. ರಾಜಧಾನಿಯ ಪಟ್ಟ ಹೋಯಿತು, ಸರದಾರರು ಹೋದರು, ಕಲಾವಿದರು ಬೇರೆ ಆಸರೆ ಹುಡುಕಿಕೊಂಡರು. ಸುಮಾರು ಇನ್ನೂರು ವರ್ಷ ಹಾಳು ಗೋಡೆಗಳ ನಡುವೆ ಜಾಲಿ ಬೆಳೆಯಿತು. 1884ರಲ್ಲಿ ರೈಲು ಬಂತು, ಮರುವರ್ಷ ಜಿಲ್ಲೆಯ ಮುಖ್ಯ ಠಾಣೆ ಕಲಾದಗಿಯಿಂದ ಇಲ್ಲಿಗೆ ಬದಲಾಯಿತು. ಬಂದ ಸಾಹೇಬರಿಗೆ ಕಚೇರಿ ಬೇಕು, ಬಂಗಲೆ ಬೇಕು. ಹೊಸದಾಗಿ ಕಟ್ಟುವುದೇಕೆ, ಅರಮನೆಗಳು ಖಾಲಿ ಬಿದ್ದಿವೆಯಲ್ಲ! ಒಳಕೋಟೆಯ ಮಹಲುಗಳಿಗೆ ಸುಣ್ಣ ಬಳಿದು ಮೇಜು ಕುರ್ಚಿ ಹಾಕಿದರು. ಗೋಳಗುಮ್ಮಟದ ಮಗ್ಗುಲಿನ ಮಸೀದಿ ಪ್ರವಾಸಿಗಳ ಬಂಗಲೆಯಾಯಿತು, ಬುಖಾರಿ ಮಸೀದಿ ಟಪಾಲು ಕಚೇರಿಯಾಯಿತು. ವೈಸರಾಯ್ ಕರ್ಜನ್ ಬಂದು ನೋಡಿದ ಮೇಲೆಯೇ ಇವು ಖಾಲಿಯಾದದ್ದು. 1904ರಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಯ ಕಾಯಿದೆಯನ್ನು ತಂದಾಗ ಆತ ಬಿಜಾಪುರದ ಈ ಎರಡು ಮಸೀದಿಗಳ ಮಾತನ್ನೂ ಎತ್ತಿದ್ದ. ಬಂಗಾಳವನ್ನು ಒಡೆದ ಕರ್ಜನ್ನನ ಬಗ್ಗೆ ಒಳ್ಳೆಯ ಮಾತು ಬರೆಯುವುದು ಕಷ್ಟ. ಆದರೂ ಈ ಒಂದು ಕೆಲಸದ ಋಣ ನಮ್ಮ ಊರಿಗಿದೆ.

ಕಾಯಿದೆ ಬಂತು, ಕಾವಲು ಬಂತು, ಹಿಂದೆಯೇ ಬೇಲಿ ಮತ್ತು ಟಿಕೆಟು. ನಾನು ಚಿಕ್ಕವಳಿದ್ದಾಗ ಗುಮ್ಮಟಕ್ಕೆ ಎಂಟಾಣೆ ಇತ್ತು, ಶುಕ್ರವಾರ ಅದೂ ಇಲ್ಲ. ಶುಕ್ರವಾರದ ಈ ಪದ್ಧತಿ ನಮ್ಮ ಊರಿಗಷ್ಟೇ ಅಲ್ಲ, ಪುರಾತತ್ವ ಇಲಾಖೆಯ ಬೇರೆ ಸ್ಮಾರಕಗಳಲ್ಲೂ ಇತ್ತು. ಜುಮ್ಮಾ ನಮಾಜು ಮುಗಿಸಿ ಅಬ್ಬಾ ಅಂಗಡಿಯ ಅರ್ಧ ಬಾಗಿಲು ಹಾಕಿ ಬರುತ್ತಿದ್ದರು, ನಾವೆಲ್ಲ ಗುಮ್ಮಟಕ್ಕೆ ಹೊರಡುತ್ತಿದ್ದೆವು. ನಮ್ಮ ಓಣಿಯ ಬಸವ್ವ ಕಾಕಿಯೂ ತನ್ನ ಮೊಮ್ಮಕ್ಕಳನ್ನು ಕರೆದುಕೊಂಡು ಅದೇ ದಿನ ಬರುತ್ತಿದ್ದಳು. ಅವಳಿಗೆ ನಮಾಜಿನ ಗೊಡವೆಯಿಲ್ಲ, ಎಂಟಾಣೆಯ ಗೊಡವೆ ಇತ್ತು. 2000ದ ಹೊತ್ತಿಗೆ ಹೊಸ ದರಗಳು ಬಂದವು, ಭಾರತೀಯರಿಗೆ 5 ರೂಪಾಯಿ. ಪುಕ್ಕಟೆ ಶುಕ್ರವಾರ ಉಳಿಯಲಿಲ್ಲ. 2016ರಲ್ಲಿ 15, 2018ರಲ್ಲಿ 25. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ ಎಂಬುದು ದೊಡ್ಡ ಸಮಾಧಾನ.

ಇಪ್ಪತ್ತೈದು ರೂಪಾಯಿ ಏನು ಮಹಾ ಎಂದು ಕೇಳುವವರಿದ್ದಾರೆ. ಸಿನಿಮಾಕ್ಕೆ ಹೋಲಿಸಿದರೆ ಏನೂ ಅಲ್ಲ. ಆದರೆ ನಮ್ಮ ಮನೆಗಳಲ್ಲಿ ಹೊರಗೆ ಹೊರಡುವುದೆಂದರೆ ಒಬ್ಬರಲ್ಲ: ಗಂಡ, ಹೆಂಡತಿ, ಅತ್ತೆ, ಮದುವೆಯಾಗದ ನಾದಿನಿ, ಊರಿಂದ ಬಂದ ತಂಗಿ. ಗುಮ್ಮಟಕ್ಕೆ 125, ಇಬ್ರಾಹಿಂ ರೋಜಾಕ್ಕೆ ಮತ್ತೆ 125, ಟಂಟಂ ಬಾಡಿಗೆ ಬೇರೆ. ಆಗ ಮನೆಯಲ್ಲಿ ಲೆಕ್ಕ ಶುರುವಾಗುತ್ತದೆ. "ನೀವು ಹೋಗಿ ಬನ್ನಿ, ನಾನು ಎಷ್ಟು ಸಲ ನೋಡಿಲ್ಲ" ಎಂದು ಮೊದಲು ಹಿಂದೆ ಸರಿಯುವವಳು ಅತ್ತೆ, ಆಮೇಲೆ ನಾದಿನಿ. ಟಿಕೆಟಿನ ದರ ಏರಿದಾಗ ಮನೆಯ ಗಂಡಸರ ಸಂಖ್ಯೆ ಕಡಿಮೆಯಾಗುವುದಿಲ್ಲ, ಹೆಂಗಸರದ್ದು ಆಗುತ್ತದೆ. ಇದಕ್ಕೆ ನನ್ನ ಬಳಿ ಅಂಕಿಸಂಖ್ಯೆಯಿಲ್ಲ, ನಮ್ಮ ಓಣಿ ಇದೆ. ಏಪ್ರಿಲ್ 18ರ ವಿಶ್ವ ಪರಂಪರೆ ದಿನದಂದು, ನವೆಂಬರ್ 19ರಂದು ಟಿಕೆಟಿಲ್ಲದೆ ಒಳಗೆ ಬಿಡುವ ಪದ್ಧತಿ ಹಲವು ವರ್ಷಗಳಿಂದ ನಡೆದು ಬಂದಿದೆ. ಈ ತಾರೀಕುಗಳನ್ನು ಬಲ್ಲವರು ಎಷ್ಟು ಜನ? ನಾನು ಪ್ರತಿ ವರ್ಷ ಓಣಿಯಲ್ಲಿ ಡಂಗುರ ಸಾರುತ್ತೇನೆ.

ಗುಮ್ಮಟದ ವಿಷಯದಲ್ಲಿ ಒಂದು ಸಲಹೆ ಕೊಡದೆ ಮುಂದೆ ಹೋಗಲಾರೆ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಬೇಕು. ಮೂಲೆಯ ಏಳು ಅಂತಸ್ತಿನ ಗೋಪುರದ ಕಡಿದಾದ ಮೆಟ್ಟಿಲು ಹತ್ತಿ ಒಳಗ್ಯಾಲರಿಗೆ ಬಂದರೆ, ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಸುಮಾರು 38 ಮೀಟರ್ ಆಚೆ ಎದುರುಗೋಡೆಗೆ ಕಿವಿಯಿಟ್ಟವರಿಗೆ ಕೇಳುತ್ತದೆ. ಒಂದು ಚಪ್ಪಾಳೆ ಏಳು ಸಲಕ್ಕೂ ಹೆಚ್ಚು ಮರಳುತ್ತದೆ. ಹತ್ತು ಗಂಟೆಯಾದರೆ ಶಾಲೆಯ ಮಕ್ಕಳು ಬಸ್ಸುಗಟ್ಟಲೆ ಬಂದು ಕೂಗಿ, ಸೀಟಿ ಹೊಡೆದು, ಪಿಸುಮಾತಿನ ಗುಮ್ಮಟವನ್ನು ಸಂತೆ ಮಾಡಿಬಿಡುತ್ತಾರೆ. ನಮ್ಮಮ್ಮಿ ಅಬ್ಬಾರಿಗೆ ಮನೆಯಲ್ಲಿ ಹೇಳಲಾಗದ ಒಂದೆರಡು ಮಾತನ್ನು ಆ ಗೋಡೆಗೇ ಹೇಳಿದ್ದರಂತೆ. ಏನೆಂದು ಎಷ್ಟು ಕೇಳಿದರೂ ಇಬ್ಬರೂ ಹೇಳಲಿಲ್ಲ. 1656ರಲ್ಲಿ ಮುಹಮ್ಮದ್ ಆದಿಲ್‌ಶಾಹ ಇದರಡಿ ಮಲಗಿದ. ಒಂದು ಕೂಡುಕುಟುಂಬದ ದಂಪತಿಗೆ ತನ್ನ ಗೋರಿಯ ಮೇಲೆ ಗುಟ್ಟಿನ ಜಾಗ ಸಿಕ್ಕೀತೆಂದು ಅವನು ಎಣಿಸಿರಲಿಕ್ಕಿಲ್ಲ. ಎದುರಿನ ನಗಾರಖಾನೆಯಲ್ಲಿ 1892ರಲ್ಲಿ ಆರಂಭವಾದ ವಸ್ತುಸಂಗ್ರಹಾಲಯವಿದೆ. ಶಾಸನ, ಚಿತ್ರ, ಹಸ್ತಪ್ರತಿ, ಜಮಖಾನೆ ಎಲ್ಲ ಉಂಟು. ಅದಕ್ಕೆ ಶುಕ್ರವಾರವೇ ರಜೆ!

ಇಬ್ರಾಹಿಂ ರೋಜಾ ಹೆಸರಿಗೆ ಸುಲ್ತಾನನದು. ನಿಜಕ್ಕೂ ಅದು ಒಂದು ಮನೆಯವರ ಗೋರಿ. ಎರಡನೆಯ ಇಬ್ರಾಹಿಂ ತನ್ನ ಬೇಗಂ ತಾಜ್ ಸುಲ್ತಾನಾಳಿಗಾಗಿ ಕಟ್ಟಿಸಲು ತೊಡಗಿದ್ದು, 1627ರಲ್ಲಿ ತಾನೂ ಅಲ್ಲಿಗೇ ಬಂದ. ಅವನ ತಾಯಿ, ಮಗಳು, ಇಬ್ಬರು ಗಂಡುಮಕ್ಕಳು ಪಕ್ಕದಲ್ಲಿದ್ದಾರೆ. ಉಸ್ತುವಾರಿ ಮಲಿಕ್ ಸಂದಲ್‌ನದು. ತಗುಲಿದ ಖರ್ಚು ಒಂದೂವರೆ ಲಕ್ಷದ ಮೇಲೆ ಒಂಬೈನೂರು ಹೊನ್ನು ಎಂದು ಗೋಡೆಯ ಶಾಸನವೇ ಲೆಕ್ಕ ಒಪ್ಪಿಸುತ್ತದೆ. ಆ ಒಂಬೈನೂರನ್ನೂ ಬಿಡದೆ ಬರೆಸಿದ ಕಾರಭಾರಿಯ ಮೇಲೆ ನನಗೆ ಬಹಳ ಗೌರವ.

ಅದೇ ಮಲಿಕ್ ಸಂದಲ್, ಅದೇ ತಾಜ್ ಸುಲ್ತಾನಾಳ ಹೆಸರಿನಲ್ಲಿ 1620ರಲ್ಲಿ ಕಟ್ಟಿದ ತಾಜ್ ಬಾವಡಿಗೆ ಬಂದರೆ ಕಥೆ ಬೇರೆಯಾಗುತ್ತದೆ. ಇದು ಸತ್ತವರಿಗಲ್ಲ, ದಾರಿಹೋಕರಿಗಾಗಿ ಕಟ್ಟಿದ್ದು. ಒಂದೊಂದು ಬದಿ ಸುಮಾರು 220 ಅಡಿಯ ಚೌಕ ಕೊಳ, ಎದುರಿಗೆ 35 ಅಡಿಯ ಹರವಿನ ಕಮಾನು, ಎರಡು ಪಕ್ಕಗಳಲ್ಲಿ ಎಂಟುಮೂಲೆಯ ಗೋಪುರ, ಅವುಗಳಿಗೆ ಹೊಂದಿಕೊಂಡು ಬಂದವರು ತಂಗಲು ಸಾಲುಕೋಣೆಗಳು. ಇದಕ್ಕಿಂತ ಹಿಂದೆ, 1579ರಲ್ಲಿ, ಮೊದಲನೆಯ ಅಲಿ ತನ್ನ ಬೇಗಂ ಚಾಂದಬೀಬಿಯ ಹೆಸರಿನಲ್ಲಿ ಚಾಂದ್ ಬಾವಡಿ ಕಟ್ಟಿಸಿದ್ದ. ಈ ಚಾಂದಬೀಬಿಯೇ ಮುಂದೆ ಎಳೆಯ ಇಬ್ರಾಹಿಂನ ಪರವಾಗಿ ರಾಜ್ಯ ನೋಡಿಕೊಂಡು, ತವರಾದ ಅಹಮದ್‌ನಗರದ ಕೋಟೆಯನ್ನು ಮೊಗಲರ ವಿರುದ್ಧ ನಿಂತು ಕಾಪಾಡಿದವಳು. ನನ್ನ ಮಗಳಿಗೆ ಬಾವಡಿಯ ಮೆಟ್ಟಿಲ ಮೇಲೆ ಕೂರಿಸಿ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ನನಗೆ ಸಿಕ್ಕಿಲ್ಲ.

ಮಳೆ ಕಡಿಮೆಯ ಈ ಬಯಲಲ್ಲಿ ರಾಜಧಾನಿ ಕಟ್ಟಿದವರಿಗೆ ನೀರಿನದೇ ಚಿಂತೆಯಿತ್ತು. ಪಶ್ಚಿಮದ ತೊರವಿಯ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು ನೀರು ತಂದರು. ದಕ್ಷಿಣಕ್ಕೆ 1651ರಲ್ಲಿ ಬೇಗಂ ತಲಾಬ್ ಕಟ್ಟಿ ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ಹರಿಸಿದರು. ಕೊಳವೆಯ ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಎತ್ತರದ ಗೋಪುರಗಳು. ನೀರು ಒಂದು ಮಗ್ಗುಲಲ್ಲಿ ಏರಿ ಮತ್ತೊಂದು ಮಗ್ಗುಲಲ್ಲಿ ಇಳಿಯುವಾಗ ಒತ್ತಡ ತಗ್ಗುತ್ತದೆ, ಕೊಳವೆ ಒಡೆಯುವುದಿಲ್ಲ, ಕೆಸರು ತಳದಲ್ಲಿ ಉಳಿಯುತ್ತದೆ. ಅಂಥ ಕೆಲವು ಗಂಜ್‌ಗಳು ಇಂದಿಗೂ ನಿಂತಿವೆ. ಮಕ್ಕಳನ್ನು ಕರೆದುಕೊಂಡು "ಇಂದು ಎಷ್ಟು ಗಂಜ್ ಸಿಗುತ್ತವೆ ನೋಡೋಣ" ಎಂದು ಹೊರಟರೆ ಒಂದು ಭಾನುವಾರ ಕಾಸಿಲ್ಲದೆ ಕಳೆಯುತ್ತದೆ, ವಿಜ್ಞಾನದ ಒಂದು ಪಾಠವೂ ಆಗುತ್ತದೆ.

ನನ್ನ ಬಾಲ್ಯದ ಬಾವಡಿಗಳು ಮಾತ್ರ ನೋಡುವಂತಿರಲಿಲ್ಲ. ನಲ್ಲಿ ಬಂದ ಮೇಲೆ ಜನ ಬಾವಡಿಗೆ ಬೆನ್ನು ಹಾಕಿದರು. ಮನೆಯ ಕಸ, ಹಬ್ಬದ ಮೂರ್ತಿ, ಹಳೆಯ ಹಾಸಿಗೆ ಎಲ್ಲ ಅದರೊಳಗೆ ಬಿದ್ದವು. ಇದರಲ್ಲಿ ಹಿಂದೂ ಮುಸ್ಲಿಂ ಎಂಬ ಭೇದವನ್ನು ಯಾರೂ ಮಾಡಲಿಲ್ಲ. 2016-17ರ ಹೊತ್ತಿಗೆ ತಾಜ್ ಬಾವಡಿ ಸೇರಿದಂತೆ ಹಲವು ಹಳೆಯ ಬಾವಡಿಗಳ ಹೂಳೆತ್ತಿದರು, ತಳದ ಸೆಲೆಗಳು ಮತ್ತೆ ಕಾಣಿಸಿಕೊಂಡವು. 2019ರಲ್ಲಿ ಪ್ರಕಟವಾದ ವಿಶ್ವ ಸ್ಮಾರಕ ನಿಧಿಯ 2020ರ ಪಟ್ಟಿಗೆ ನಮ್ಮ ಸುರಂಗ ಬಾವಡಿಯೂ ಸೇರಿತು. ನ್ಯೂಯಾರ್ಕಿನವರು ಗುರುತಿಸಿದ ಮೇಲೆ ನಮ್ಮಲ್ಲೂ ಹಲವರು ಅದನ್ನು ಹುಡುಕಿಕೊಂಡು ಹೋದರು. ಅಲ್ಲಿಯವರೆಗೆ ಅದರ ಹೆಸರು ಕೇಳಿದವರೇ ಕಡಿಮೆ.

ಹೆಂಗಸರಿಗೆ ಎಲ್ಲ ಬಾಗಿಲೂ ತೆರೆದಿದೆಯೆಂದು ಬರೆದರೆ ಸುಳ್ಳಾಗುತ್ತದೆ. 1646ರ ಸುಮಾರಿಗೆ ನ್ಯಾಯದ ಮಹಲಾಗಿ ಕಟ್ಟಿದ ಆಸಾರ್ ಮಹಲ್ ಮುಂದೆ ಪ್ರವಾದಿಯವರ ಪವಿತ್ರ ಕೇಶವನ್ನು ಇಡುವ ಸ್ಥಳವಾಯಿತು. ಒಳಗೆ ಹೆಂಗಸರಿಗೆ ಪ್ರವೇಶವಿಲ್ಲ ಎಂಬುದು ಬಹುಕಾಲದ ರೂಢಿ. ದಾದಿ ಎದುರಿನ ಹೊಂಡದ ಕಟ್ಟೆಯ ಮೇಲೆ ಕುಳಿತು ಅಲ್ಲಿಂದಲೇ ದರೂದ್ ಓದುತ್ತಿದ್ದರು. ನನ್ನ ತಮ್ಮ ಒಳಗೆ ಹೋಗಿ ಬಂದು ಗೋಡೆಯ ಚಿತ್ರಗಳನ್ನು ವರ್ಣಿಸುತ್ತಿದ್ದ. ಏಳು ವರ್ಷದ ಅವನು ನೋಡಬಹುದಾದದ್ದನ್ನು ಎಪ್ಪತ್ತರ ದಾದಿ ಯಾಕೆ ನೋಡಬಾರದು ಎಂದು ನಾನು ಕೇಳಿದ್ದೆ. "ಕಟ್ಟಿದವರು ಬೇರೆ, ಕಾಯುವವರು ಬೇರೆ" ಎಂದಿದ್ದರು ದಾದಿ. ಆಸಾರ್ ಮಹಲಿನಲ್ಲಿ ಆದಿಲ್‌ಶಾಹಿ ಅರಸರ ಗ್ರಂಥಭಂಡಾರದ ಅಳಿದುಳಿದ ನಾಲ್ಕುನೂರಕ್ಕೂ ಹೆಚ್ಚು ಹಸ್ತಪ್ರತಿಗಳಿದ್ದವು. 1853ರಲ್ಲಿ ಅವು ಹೊರಬಿದ್ದು ಲಂಡನ್ನಿಗೆ ಹೋದವು. ನಮ್ಮ ಹೆಂಗಸರು ಒಳಗೆ ಹೋಗಲಾಗದ ಬಾಗಿಲಿನಿಂದ ನಮ್ಮ ಪುಸ್ತಕಗಳು ಹೊರಗೆ ಹೋದವು.

ಸಾಠ್ ಕಬರ್ ಎಂಬಲ್ಲಿಗೂ ಮಕ್ಕಳನ್ನು ಒಯ್ಯುತ್ತಾರೆ. ಊರ ಹೊರಗೆ, ಅಫಜಲ್‌ಖಾನನ ಹೆಸರಿನ ಪುರದ ಬಳಿ, ಒಂದು ಕಟ್ಟೆಯ ಮೇಲೆ ಸಾಲುಸಾಲಾಗಿ ಒಂದೇ ತೆರನ ಗೋರಿಗಳು. ಮೇಲ್ಭಾಗ ಚಪ್ಪಟೆಯಾಗಿರುವುದರಿಂದ ಹೆಂಗಸರವು ಎಂದು ಗುರುತು. 1659ರಲ್ಲಿ ಶಿವಾಜಿಯ ಮೇಲೆ ಹೊರಟ ಅಫಜಲ್‌ಖಾನನಿಗೆ ಜ್ಯೋತಿಷಿಯೊಬ್ಬ ನೀನು ಮರಳುವುದಿಲ್ಲ ಎಂದನಂತೆ, ತಾನು ಸತ್ತರೆ ಬೇಗಂಗಳು ಪರರ ಪಾಲಾದಾರೆಂದು ಅರವತ್ತಮೂರು ಮಂದಿಯನ್ನೂ ಬಾವಿಗೆ ನೂಕಿಸಿದನಂತೆ. ಈ 'ಅಂತೆ'ಯನ್ನು ಗೈಡುಗಳು ನುಂಗಿಬಿಡುತ್ತಾರೆ. ಬಂದವರು ಬಾವಿಗೆ ಇಣುಕಿ, ಫೋಟೋ ತೆಗೆಸಿಕೊಂಡು, ಮುಸಲ್ಮಾನ ಗಂಡಸರೆಂದರೆ ಹೀಗೇ ಎಂಬ ತೀರ್ಪು ಕಟ್ಟಿಕೊಂಡು ಹೋಗುತ್ತಾರೆ. ಕಥೆ ಬರೆಯುವವಳಾಗಿ ನನಗೆ ಗೊತ್ತು: ಇಷ್ಟು ಅಚ್ಚುಕಟ್ಟಾಗಿ ಜೋಡಿಸಿದ ಕಥೆಯ ಮೇಲೆ ಮೊದಲು ಸಂಶಯ ಬರಬೇಕು. ಹಾಗೆಂದು, ನಮ್ಮ ಸರದಾರನ ಹೆಸರು ಕಾಯಲು ಆ ಕಲ್ಲುಗಳನ್ನು ಮರೆಸುವ ನಮ್ಮವರ ಜೊತೆಗೂ ನಾನಿಲ್ಲ. ಕಥೆ ಸುಳ್ಳಿರಬಹುದು, ಗೋರಿಗಳಂತೂ ಇವೆ. ಅಲ್ಲಿ ಮಲಗಿದವರ ಹೆಸರುಗಳನ್ನು ಯಾರೂ ನಮಗೆ ಉಳಿಸಿಕೊಟ್ಟಿಲ್ಲ. ಮಗಳಿಗೆ ನಾನು ಹೇಳುವುದು ಇಷ್ಟನ್ನೇ. ಅವಳು ಕಳೆದ ಸಲ ಗೋರಿಗೊಂದರಂತೆ ಹೆಸರಿಡುತ್ತ ಹೋದಳು: ಫಾತಿಮಾ, ರಾಬಿಯಾ, ಗಂಗವ್ವ, ಸಲ್ಮಾ, ಶಾಂತಾ. ಇಪ್ಪತ್ತರ ಹೊತ್ತಿಗೆ ಅವಳ ಹೆಸರುಗಳು ಮುಗಿದವು.

ಮನಸ್ಸು ಹಗುರ ಮಾಡಿಕೊಳ್ಳಲು ತೊರವಿಗೆ ಹೋಗಬೇಕು. ಊರಿನ ಪಶ್ಚಿಮಕ್ಕೆ ಆರೇಳು ಕಿಲೋಮೀಟರ್, ಬಸ್ಸಿದೆ. ಕನ್ನಡ ಓದಿದವರಿಗೆ ತೊರವೆ ಎಂದೊಡನೆ ಕುಮಾರ ವಾಲ್ಮೀಕಿಯ ರಾಮಾಯಣ ನೆನಪಾಗುತ್ತದೆ, ಅವನ ಆರಾಧ್ಯದೈವವಾದ ನರಸಿಂಹನ ಗುಡಿ ಇಲ್ಲಿದೆ. ಅದೇ ಊರಿನ ಅಂಚಿನಲ್ಲಿ 1599ರಲ್ಲಿ ಎರಡನೆಯ ಇಬ್ರಾಹಿಂ ನವರಸಪುರ ಎಂಬ ಹೊಸ ಪಟ್ಟಣವನ್ನೇ ಕಟ್ಟಹೊರಟ. ಜಗದ್ಗುರು ಎನಿಸಿಕೊಂಡ ದೊರೆ ಅವನು. ದಖನಿ ಭಾಷೆಯಲ್ಲಿ ಕಿತಾಬ್-ಎ-ನವರಸ್ ಬರೆದು ಅದರಲ್ಲಿ ಸರಸ್ವತಿ, ಗಣಪತಿಯರನ್ನೂ ಖ್ವಾಜಾ ಬಂದೇನವಾಜರನ್ನೂ ಒಟ್ಟಿಗೆ ನೆನೆದ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. 1624ರಲ್ಲಿ ಮಲಿಕ್ ಅಂಬರನ ಸೈನ್ಯ ನವರಸಪುರವನ್ನು ಹಾಳುಗೆಡವಿತು. ಒಬ್ಬ ಮುಸಲ್ಮಾನ ದೊರೆಯ ಊರನ್ನು ಮತ್ತೊಬ್ಬ ಮುಸಲ್ಮಾನ ಸರದಾರ ಸುಟ್ಟದ್ದು ಎಂಬುದನ್ನು ಚರಿತ್ರೆಯನ್ನು ಧರ್ಮಯುದ್ಧವೆಂದೇ ಓದುವ ಎರಡೂ ಕಡೆಯವರು ಗಮನಿಸಬೇಕು. ಉಳಿದದ್ದು ಸಂಗೀತ ಮಹಲಿನ ಗೋಡೆಗಳು. ಸರಕಾರ ನವರಸಪುರ ಉತ್ಸವ ನಡೆಸಿದ ವರ್ಷಗಳಲ್ಲಿ ನಾವು ಚಾಪೆ ಹಾಸಿಕೊಂಡು ಪುಕ್ಕಟೆಯಾಗಿ ದೊಡ್ಡ ದೊಡ್ಡವರ ಗಾಯನ ಕೇಳಿದ್ದೇವೆ. ತಂಗಿ ನಿದ್ದೆ ಹೋಗಿದ್ದಳು, ನಾನು ಹೋಗಲಿಲ್ಲ.

ಸಂಗೀತವೆಂದರೆ ಸಭೆಯದಷ್ಟೇ ಅಲ್ಲ. ಶಾಹಪುರದ ದಿಬ್ಬದ ಮೇಲೆ 1675ರಲ್ಲಿ ತೀರಿಕೊಂಡ ಅಮೀನುದ್ದೀನ್ ಆಲಾ ಅವರ ದರ್ಗಾ ಇದೆ. ನಮ್ಮ ಮಾತಿನಲ್ಲಿ ಖ್ವಾಜಾ ಅಮೀನ್. ಅವರ ತಂದೆ ಬುರ್ಹಾನುದ್ದೀನ್ ಜಾನಂ, ಅಜ್ಜ ಮೀರಾಂಜಿ, ಮೂವರೂ ಓದಿದವರ ಫಾರ್ಸಿಯನ್ನು ಬಿಟ್ಟು ಜನರ ದಖನಿಯಲ್ಲಿ ಬರೆದವರು. ಈ ಪರಂಪರೆಯ ಸೂಫಿಗಳ ಹೆಸರಿನಲ್ಲಿ ಚಕ್ಕಿನಾಮಾ, ಚರಖಾನಾಮಾ ಎಂಬ ಹಾಡುಗಳಿವೆ. ಬೀಸುವಾಗ, ನೂಲುವಾಗ ಹೆಂಗಸರು ಹಾಡಲೆಂದೇ ಕಟ್ಟಿದವು. ಬಿಜಾಪುರದ ಸೂಫಿಗಳ ಬಗ್ಗೆ 1978ರಲ್ಲಿ ಪುಸ್ತಕ ಬರೆದ ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್, ಈ ನಾಡಿನ ಮನೆಗಳೊಳಗೆ ಇಸ್ಲಾಮಿನ ಮಾತು ಸೇರಿದ್ದು ಕತ್ತಿಯಿಂದಲ್ಲ, ಬೀಸುಕಲ್ಲಿನ ಮುಂದೆ ಕುಳಿತ ಹೆಂಗಸರ ಹಾಡಿನಿಂದ ಎನ್ನುತ್ತಾರೆ. ಅದನ್ನು ಓದಿದ ದಿನ ನಾನು ದಾದಿಯನ್ನು ನೆನೆದು ಅತ್ತೆ. ಅವರು ಬೀಸುವಾಗ ಗುನುಗುತ್ತಿದ್ದ ಸಾಲುಗಳನ್ನು ನಾನು ಬರೆದಿಟ್ಟುಕೊಳ್ಳಲಿಲ್ಲ. ಉರ್ದು ಶಾಲೆಯಲ್ಲಿ ಇಕ್ಬಾಲರನ್ನು, ಕನ್ನಡ ಶಾಲೆಯಲ್ಲಿ ಬೇಂದ್ರೆಯವರನ್ನು ಬಾಯಿಪಾಠ ಮಾಡಿಸಿದರು. ದಾದಿಯದು ಪಾಠವೆಂದು ಯಾರೂ ಹೇಳಲಿಲ್ಲ.

ವರ್ಷದ ಜಾತ್ರೆ ಉರುಸುಗಳ ಮಾತು ಹೇಳಹೋದರೆ ಮುಗಿಯದು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ: ದನಗಳ ಪೇಟೆ, ಕುಸ್ತಿ, ರಾತ್ರಿ ಮದ್ದು ಸುಡುವುದು. ಮದ್ದು ನೋಡಲು ಮಾಳಿಗೆ ಸಾಕು, ಜಾತಿ ಕೇಳುವವರಿಲ್ಲ. ಹಾಶಿಂ ಪೀರರ ಉರುಸಿಗೆ ಬಸವ್ವ ಕಾಕಿ ಸಕ್ಕರೆ ಓದಿಸಲು ಬರುತ್ತಿದ್ದಳು, ಜಾತ್ರೆಯಲ್ಲಿ ನಮಗೆ ಬಳೆ ತೊಡಿಸುವವಳೂ ಅವಳೇ. ಈಗೀಗ ಜಾತ್ರೆಯ ಅಂಗಡಿ ಯಾರದೆಂದು ಕೇಳುವ ರೋಗ ರಾಜ್ಯದ ಹಲವೆಡೆ ಹಬ್ಬಿದೆ. 2022ರ ಬೇಸಿಗೆಯಲ್ಲಿ ಕರಾವಳಿಯ ಜಾತ್ರೆಗಳಿಂದ ಮುಸ್ಲಿಂ ವ್ಯಾಪಾರಿಗಳನ್ನು ಹೊರಗಿಟ್ಟ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಕಾಕಿಯ ಕೈಯ ಬಳೆಗಳು. ಬಡವರ ಮಕ್ಕಳಿಗೆ ಜಾತ್ರೆಯಷ್ಟು ಅಗ್ಗದ ಸಂತೋಷ ಬೇರೆ ಇಲ್ಲ. ಅದಕ್ಕೂ ಬಾಗಿಲು ಇಟ್ಟರೆ ಅವರು ಹೋಗುವುದೆಲ್ಲಿಗೆ?

ಕಳೆದ ಡಿಸೆಂಬರಿನ ಒಂದು ಭಾನುವಾರ ನಾನು, ಮಗಳು, ನನ್ನ ಅತ್ತೆ ಮೂವರೂ ಹೊರಟೆವು. ಜಾಮಾ ಮಸೀದಿಯ ನೆಲದ ಮೇಲೆ ಔರಂಗಜೇಬನ ಕಾಲದಲ್ಲಿ ಬರೆದ ನಮಾಜಿನ ಚೌಕಗಳಿವೆ, ಎರಡು ಸಾವಿರಕ್ಕೂ ಹೆಚ್ಚು. ಎಲ್ಲವನ್ನೂ ಎಣಿಸುತ್ತೇನೆಂದು ಹಟ ಹಿಡಿದ ಮಗಳು ಮುನ್ನೂರ ಹನ್ನೆರಡಕ್ಕೆ ಲೆಕ್ಕ ತಪ್ಪಿದಳು. ಅಲ್ಲಿಂದ ಬಾರಾ ಕಮಾನು. ಎರಡನೆಯ ಅಲಿ ಗೋಳಗುಮ್ಮಟವನ್ನು ಮೀರಿಸಲು ತೊಡಗಿ ಮುಗಿಸಲಾಗದೆ ಬಿಟ್ಟ ಗೋರಿ, ಈಗ ಆಕಾಶವೇ ಅದರ ಚಾವಣಿ. ಮಧ್ಯಾಹ್ನದ ಹೊತ್ತಿಗೆ ಉಪ್ಪಲಿ ಬುರುಜು. ಮಗಳು ಮೇಲೆ ಓಡಿದಳು. ನಾನು ದಾದಿ ಕೂರುತ್ತಿದ್ದ ಕಡೆಯೇ ಕುಳಿತು ಗಂಟು ಬಿಚ್ಚಿದೆ. ಪಕ್ಕದಲ್ಲಿ ಇಂಡಿಯ ಕಡೆಯ ಒಂದು ಮನೆಯವರು ಬುತ್ತಿ ಬಿಚ್ಚಿ ಕುಳಿತಿದ್ದರು. ಅವರಲ್ಲಿನ ಹಿರಿಯಾಕೆ ನಮ್ಮ ಗಂಟಿನತ್ತ ನೋಡಿ "ಯವ್ವಾ, ಉಳ್ಳಾಗಡ್ಡಿ ತಂದೀರೇನು? ನಾವು ಮರತ ಬಂದೀವಿ" ಎಂದರು. ಎರಡು ಕೊಟ್ಟೆ. ಅವರು ನಿಂಬೆಕಾಯಿ ಉಪ್ಪಿನಕಾಯಿ ಕೊಟ್ಟರು. ಅತ್ತೆಗೆ ಅದು ಎಷ್ಟು ರುಚಿಸಿತೆಂದರೆ ಮಾಡುವ ಬಗೆಯನ್ನು ಕೇಳುತ್ತ ಹೊತ್ತು ಹೋದದ್ದೇ ತಿಳಿಯಲಿಲ್ಲ. ಮೇಲಿನ ತಿರುವಿನಲ್ಲಿ ಮಗಳು ಒಮ್ಮೆ ಕಾಣಿಸಿದಳು, ಮರೆಯಾದಳು, ಮತ್ತೆ ಕಾಣಿಸಿದಳು. ಆ ದಿನ ನಮಗೆ ಆದ ಖರ್ಚು ಟಂಟಂಗೆ ಅರವತ್ತು ರೂಪಾಯಿ, ಮರಳುವಾಗ ಮಿರ್ಚಿಗೆ ನಲವತ್ತು.